ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮೇಲೆ ವೈಫೈ, ಗ್ರಾಫಿಕ್ಸ್, ಸೌಂಡ್ ಕೈಕೊಟ್ಟರೆ ಏನು ಮಾಡಬೇಕು: ಸಮಗ್ರ ಮಾರ್ಗದರ್ಶಿ

ಲಿನಕ್ಸ್ ಇನ್‌ಸ್ಟಾಲ್ ಮಾಡುವುದು ಈಗ ದೊಡ್ಡ ಕೆಲಸವೇನಲ್ಲ. ನೆಕ್ಸ್ಟ್, ನೆಕ್ಸ್ಟ್ ಒತ್ತುತ್ತಾ ಹೋದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ತಲೆನೋವು ಶುರುವಾಗುವುದು ಆಮೇಲೆ. ವೈಫೈ ಐಕಾನೇ ಇರುವುದಿಲ್ಲ, ಸ್ಪೀಕರ್ ಉಸಿರೆತ್ತುವುದಿಲ್ಲ, ರೀಬೂಟ್ ಮಾಡಿದರೆ ಕಪ್ಪು ಪರದೆ. ಆಗ ಹೆಚ್ಚಿನವರು ಲ್ಯಾಪ್‌ಟಾಪ್ ಮಾಡೆಲ್ ಹೆಸರನ್ನು ಗೂಗಲ್‌ಗೆ ಹಾಕಿ, ಮೊದಲು ಸಿಕ್ಕ ಕಮಾಂಡನ್ನು ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಕಿಟಕಿ) ಅಂಟಿಸುತ್ತಾರೆ. ಅದು ಆಗದಿದ್ದರೆ ಎರಡನೆಯದು, ಆಮೇಲೆ ಮೂರನೆಯದು. ಹೀಗೆ ಆರೇಳು ಹೊಡೆದ ಮೇಲೆ ಮೊದಲಿದ್ದ ಸಮಸ್ಯೆ ಯಾವುದು, ನಾವೇ ತಂದುಕೊಂಡಿದ್ದು ಯಾವುದು ಅಂತ ಗೊತ್ತಾಗುವುದೇ ಇಲ್ಲ.

ಮಾಡೆಲ್ ಹೆಸರನ್ನು ನಂಬಬೇಡಿ. ಒಳಗಿರುವ ಚಿಪ್ ಯಾವುದು ನೋಡಿ. ಒಂದೇ ಹೆಸರಲ್ಲಿ ಮಾರುವ ಲ್ಯಾಪ್‌ಟಾಪ್‌ಗಳಲ್ಲಿ ಒಂದರಲ್ಲಿ ಇಂಟೆಲ್ ವೈಫೈ ಇರುತ್ತದೆ, ಇನ್ನೊಂದರಲ್ಲಿ ರಿಯಲ್‌ಟೆಕ್, ಮತ್ತೊಂದರಲ್ಲಿ ಮೀಡಿಯಾಟೆಕ್. ಪಕ್ಕದ ಮನೆಯವರ ಲ್ಯಾಪ್‌ಟಾಪ್‌ನಲ್ಲಿ ಎಲ್ಲ ಸರಿಯಾಗಿ ನಡೆಯಿತು ಅಂದ್ರೆ ನಿಮ್ಮದರಲ್ಲೂ ನಡೆಯುತ್ತದೆ ಅಂತ ಏನೂ ಇಲ್ಲ.

ಉದಾಹರಣೆಗಳನ್ನು ಉಬುಂಟು 24.04 ಮತ್ತು ಅದರ ಮೇಲೆ ನಿಂತಿರುವ ಮಿಂಟ್ 22 ಇಟ್ಟುಕೊಂಡು ಕೊಟ್ಟಿದ್ದೇನೆ. ಲಿನಕ್ಸ್‌ನ ಇತರ ಬಗೆಗಳಾದ ಡೆಬಿಯನ್, ಫೆಡೋರಾದಲ್ಲಿ ಬೇರೆ ಥರ ಇದ್ದರೆ ಅಲ್ಲಲ್ಲೇ ಹೇಳುತ್ತೇನೆ. ಕಮಾಂಡ್‌ಗಳೂ ಇಲ್ಲಿ ಕನ್ನಡ ಅಕ್ಷರದಲ್ಲೇ ಇವೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ಎಲ್‌ಎಸ್‌ಪಿಸಿಐ ಅಂತ ಇದ್ದರೆ ಎಲ್, ಎಸ್, ಪಿ, ಸಿ, ಐ ಅಷ್ಟೂ ಅಂಟಿಸಿ ಹೊಡೆಯಿರಿ.

ವಿಂಡೋಸ್ ಇರುವಾಗಲೇ ಮಾಡಬೇಕಾದ ಕೆಲಸ

ವಿಂಡೋಸ್ ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕುವವರು ಇದನ್ನು ಹಾರಿಸಿ ಹೋಗಬೇಡಿ.

ಮೊದಲು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ. ವಿಂಡೋಸ್ 11 ಇರುವ ಎಷ್ಟೋ ಹೊಸ ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ ಕೂಡಲೇ ಡಿಸ್ಕ್ ಎನ್‌ಕ್ರಿಪ್ಟ್ ಆಗಿಬಿಡುತ್ತದೆ, ಹೋಮ್ ಎಡಿಷನ್‌ನಲ್ಲೂ. ನಿಮಗೆ ಗೊತ್ತೇ ಇರುವುದಿಲ್ಲ. ಆಮೇಲೆ ಬಯೋಸ್‌ಗೆ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ (ನಂಬಿಕೆಯ ಸಹಿ ಇಲ್ಲದ ಸಾಫ್ಟ್‌ವೇರ್ ಬೂಟ್ ಆಗದಂತೆ ತಡೆಯುವ ಕಾವಲು) ಆಫ್ ಮಾಡಿ ಬಂದರೆ, ವಿಂಡೋಸ್ 48 ಅಂಕಿಯ ರಿಕವರಿ ಕೀ ಕೊಡು ಅಂತ ಕೂತುಬಿಡುತ್ತದೆ. ಆ ಕೀ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಈಗಲೇ ಲಾಗಿನ್ ಆಗಿ, ಕೀಯನ್ನು ಪೇಪರ್‌ನಲ್ಲೋ ಫೋನ್‌ನಲ್ಲೋ ಬರೆದಿಟ್ಟುಕೊಳ್ಳಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿಟ್ಟರೆ ಪ್ರಯೋಜನ ಇಲ್ಲ, ಅಲ್ವಾ?

ಎರಡನೆಯದು ಫಾಸ್ಟ್ ಸ್ಟಾರ್ಟಪ್. ಇದು ಆನ್ ಇದ್ದರೆ ವಿಂಡೋಸ್ ನಿಜಕ್ಕೂ ಶಟ್‌ಡೌನ್ ಆಗುವುದಿಲ್ಲ. ಷಟರ್ ಎಳೆದು ಒಳಗೆ ಲೈಟ್ ಉರಿಸಿಟ್ಟ ಅಂಗಡಿಯ ಹಾಗೆ, ಅರ್ಧ ಹೈಬರ್ನೇಟ್ ಆಗಿರುತ್ತದೆ. ಇದರಿಂದ ವಿಂಡೋಸ್ ಪಾರ್ಟಿಷನ್ ಲಿನಕ್ಸ್‌ನಲ್ಲಿ ಓದಲು ಮಾತ್ರ ಸಿಗುತ್ತದೆ, ಬರೆಯಲು ಬಿಡುವುದಿಲ್ಲ. ಕೆಲವು ವೈಫೈ ಕಾರ್ಡ್‌ಗಳು ವಿಂಡೋಸ್ ಬಿಟ್ಟ ಸ್ಥಿತಿಯಲ್ಲೇ ಇದ್ದು ಲಿನಕ್ಸ್‌ನಲ್ಲಿ ಏಳುವುದೇ ಇಲ್ಲ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಟ್ಟರೆ ಹೈಬರ್ನೇಟ್ ಮತ್ತು ಫಾಸ್ಟ್ ಸ್ಟಾರ್ಟಪ್ ಎರಡೂ ಹೋಗುತ್ತವೆ.

ಬ್ಯಾಕಪ್ ಬಗ್ಗೆ ನಾನು ಹೇಳಬೇಕಾಗಿಲ್ಲ. ಮಾಡಿ.

ಮೊದಲು ಲೈವ್‌ನಲ್ಲಿ ಓಡಿಸಿ ನೋಡಿ

ಲೈವ್ ಅಂದರೆ ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸುವುದು. ಪೆನ್‌ಡ್ರೈವ್ ರೆಡಿ ಮಾಡಲು ರೂಫಸ್, ವೆಂಟಾಯ್, ಎಚರ್ ಯಾವುದಾದರೂ ಸರಿ. ಬೂಟ್ ಮೆನು ತರಿಸುವ ಕೀ ಕಂಪನಿಯಿಂದ ಕಂಪನಿಗೆ ಬೇರೆ: ಡೆಲ್, ಲೆನೊವೊ ಮತ್ತು ಏಸರ್‌ನಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಒತ್ತಿದರೂ ಏನೂ ಆಗದಿದ್ದರೆ, ಎಫ್2 ಒತ್ತಿ ಬಯೋಸ್‌ಗೆ ಹೋಗಿ ‘ಎಫ್12 ಬೂಟ್ ಮೆನು’ ಅನ್ನುವುದನ್ನು ಎನೇಬಲ್ ಮಾಡಬೇಕು. ಏಸರ್‌ನದೇ ಇನ್ನೊಂದು ವರಸೆ ಇದೆ. ಸೂಪರ್‌ವೈಸರ್ ಪಾಸ್‌ವರ್ಡ್ ಇಡದೆ ಸೆಕ್ಯೂರ್ ಬೂಟ್ ಆಯ್ಕೆ ಮುಟ್ಟಲು ಬಿಡುವುದಿಲ್ಲ. ಇಟ್ಟ ಪಾಸ್‌ವರ್ಡ್ ಮರೆಯಬೇಡಿ, ಅದನ್ನು ತೆಗೆಸುವುದು ದೊಡ್ಡ ರಗಳೆ.

ಲೈವ್ ಡೆಸ್ಕ್‌ಟಾಪ್ ಬಂದ ಮೇಲೆ ಇನ್‌ಸ್ಟಾಲ್ ಐಕಾನ್ ಕಡೆ ಕೈ ಹಾಕುವ ಮೊದಲು ಹತ್ತು ನಿಮಿಷ ಸುಮ್ನೆ ಓಡಾಡಿ. ವೈಫೈ ಕನೆಕ್ಟ್ ಮಾಡಿ ಒಂದು ವಿಡಿಯೊ ಹಾಕಿ. ಸ್ಪೀಕರ್, ಹೆಡ್‌ಫೋನ್, ಒಳಗಿನ ಮೈಕ್ ಮೂರನ್ನೂ ಬೇರೆ ಬೇರೆ ಪರೀಕ್ಷಿಸಿ. ಬ್ರೈಟ್‌ನೆಸ್ ಕೀ, ಎರಡು ಬೆರಳಿನ ಸ್ಕ್ರಾಲ್, ಕ್ಯಾಮೆರಾ, ಬ್ಲೂಟೂತ್ ನೋಡಿ. ಲೈವ್‌ನಲ್ಲಿ ಕೆಲಸ ಮಾಡಿದ್ದು ಇನ್‌ಸ್ಟಾಲ್ ಆದ ಮೇಲೂ ಬಹುಮಟ್ಟಿಗೆ ಕೆಲಸ ಮಾಡುತ್ತದೆ. ಇಲ್ಲಿ ಮಾಡದ್ದು ಅಲ್ಲೂ ತಾನಾಗಿ ಸರಿಹೋಗುವುದಿಲ್ಲ.

ಲೈವ್‌ಗೇ ಕಪ್ಪು ಪರದೆ ಬಂದರೆ ಗಾಬರಿ ಬೇಡ. ಪೆನ್‌ಡ್ರೈವ್‌ನ ಮೊದಲ ಮೆನುವಿನಲ್ಲಿ ಉಬುಂಟು ಆದರೆ ‘ಸೇಫ್ ಗ್ರಾಫಿಕ್ಸ್’, ಮಿಂಟ್ ಆದರೆ ‘ಕಂಪ್ಯಾಟಿಬಿಲಿಟಿ ಮೋಡ್’ ಅಂತ ಇರುತ್ತದೆ. ಅದರಲ್ಲಿ ಹೋಗಿ.

ರೋಗ ಪತ್ತೆ ಮಾಡುವ ಕಮಾಂಡ್‌ಗಳು

ಇಡೀ ಲೇಖನದಲ್ಲಿ ಒಂದೇ ಭಾಗ ಓದುತ್ತೀರಿ ಅಂದ್ರೆ ಇದನ್ನು ಓದಿ. ಟರ್ಮಿನಲ್ ತೆರೆದು ಇದನ್ನು ಕೊಡಿ:

ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ

ಉದ್ದದ ಪಟ್ಟಿ ಬರುತ್ತದೆ. ವೈಫೈ ಹುಡುಕುತ್ತಿದ್ದರೆ ‘ನೆಟ್‌ವರ್ಕ್ ಕಂಟ್ರೋಲರ್’ ಅನ್ನುವ ಸಾಲಿಗೆ ಹೋಗಿ. ಆ ಸಾಲಿನ ಕೊನೆಯ ಕಡೆ ಚೌಕ ಬ್ರಾಕೆಟ್ ಒಳಗೆ, ಮಧ್ಯೆ ಕೋಲನ್ ಇರುವ ಎರಡು ಸಂಖ್ಯೆ ಇರುತ್ತವೆ, 10ಇಸಿ:ಸಿ821 ಅನ್ನುವ ಹಾಗೆ. ಮೊದಲರ್ಧ ಚಿಪ್ ಮಾಡಿದ ಕಂಪನಿ. 8086 ಅಂದರೆ ಇಂಟೆಲ್, 10ಇಸಿ ರಿಯಲ್‌ಟೆಕ್, 14ಇ4 ಬ್ರಾಡ್‌ಕಾಮ್, 14ಸಿ3 ಮೀಡಿಯಾಟೆಕ್, 10ಡಿಇ ಎನ್‌ವಿಡಿಯಾ. ಎರಡನೇ ಅರ್ಧ ಚಿಪ್‌ನ ಸಂಖ್ಯೆ. ಇನ್ನು ಮುಂದೆ ಗೂಗಲ್ ಮಾಡುವಾಗ ಈ ಜೋಡಿ ಸಂಖ್ಯೆ ಹಾಕಿ, ಲ್ಯಾಪ್‌ಟಾಪ್ ಹೆಸರಲ್ಲ. ಸಿಗುವ ಉತ್ತರದ ಗುಣಮಟ್ಟವೇ ಬದಲಾಗುತ್ತದೆ.

ಈಗ ಅದರ ಕೆಳಗಿನ ಸಾಲುಗಳು. ಕರ್ನಲ್ ಅಂದರೆ ಲಿನಕ್ಸ್‌ನ ತಿರುಳು, ಡ್ರೈವರ್ ಅಂದರೆ ಅದು ಒಂದು ಚಿಪ್ಪನ್ನು ಓಡಿಸಲು ಬಳಸುವ ಸಾಫ್ಟ್‌ವೇರ್, ಮಾಡ್ಯೂಲ್ ಅಂದರೆ ಬೇಕಾದಾಗ ಲೋಡ್ ಆಗುವ ಡ್ರೈವರ್ ತುಂಡು. ‘ಕರ್ನಲ್ ಡ್ರೈವರ್ ಇನ್ ಯೂಸ್’ ಅಂತ ಒಂದು ಸಾಲು ಇದ್ದರೆ, ಆ ಚಿಪ್ಪನ್ನು ಯಾವುದೋ ಡ್ರೈವರ್ ಕೈಗೆತ್ತಿಕೊಂಡಿದೆ ಅಂತ ಅರ್ಥ. ಆ ಸಾಲು ಇಲ್ಲದೆ ಬರೀ ‘ಕರ್ನಲ್ ಮಾಡ್ಯೂಲ್ಸ್’ ಅಂತ ಇದ್ದರೆ ಡ್ರೈವರ್ ಡಿಸ್ಕ್‌ನಲ್ಲಿದೆ, ಆದರೆ ಲೋಡ್ ಆಗಿಲ್ಲ ಅಥವಾ ಲೋಡ್ ಆಗಿ ಸೋತಿದೆ. ಎರಡೂ ಇಲ್ಲದಿದ್ದರೆ ನಿಮ್ಮ ಕರ್ನಲ್‌ಗೆ ಆ ಚಿಪ್ಪಿನ ಪರಿಚಯವೇ ಇಲ್ಲ. ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ನೋಡದೆ ಡ್ರೈವರ್ ಹುಡುಕಲು ಹೊರಡುವುದರಿಂದಲೇ ಅರ್ಧ ಜನ ದಾರಿ ತಪ್ಪುತ್ತಾರೆ.

ಯುಎಸ್‌ಬಿ ಮೂಲಕ ಜೋಡಿಸಿದ ಸಾಧನಗಳು, ಅಂದರೆ ಕ್ಯಾಮೆರಾ, ಬ್ಲೂಟೂತ್, ಫಿಂಗರ್‌ಪ್ರಿಂಟ್, ಎಲ್‌ಎಸ್‌ಯುಎಸ್‌ಬಿ ಕಮಾಂಡ್‌ನಲ್ಲಿ ಕಾಣುತ್ತವೆ. ಅಲ್ಲೂ ಇಂಥದೇ ಜೋಡಿ ಸಂಖ್ಯೆ ಇರುತ್ತದೆ.

ಆಮೇಲೆ ಕರ್ನಲ್‌ನ ದೂರು ಕೇಳಿ (ಸುಡೊ ಅಂದರೆ ಅಡ್ಮಿನ್ ಆಗಿ ಓಡಿಸು ಅಂತ):

ಸುಡೊ ಡಿಎಂಇಎಸ್‌ಜಿ | ಗ್ರೆಪ್ -ಐ ಫರ್ಮ್‌ವೇರ್

ಇಲ್ಲಿ ‘ಡೈರೆಕ್ಟ್ ಫರ್ಮ್‌ವೇರ್ ಲೋಡ್’ ಅಂತ ಶುರುವಾಗಿ ‘ಫೇಲ್ಡ್ ವಿತ್ ಎರರ್ -2’ ಅಂತ ಮುಗಿಯುವ ಸಾಲು ಇದೆಯಾ ನೋಡಿ. ಮೈನಸ್ 2 ಅಂದರೆ ಫೈಲ್ ಇಲ್ಲ ಅಂತ, ಅಷ್ಟೇ. ಡ್ರೈವರ್ ಸರಿಯಾಗಿದೆ, ಚಿಪ್ ಒಳಗೆ ತುಂಬಬೇಕಾದ ಫರ್ಮ್‌ವೇರ್ ಫೈಲ್ ಇಲ್ಲ. ‘ಲಿನಕ್ಸ್-ಫರ್ಮ್‌ವೇರ್’ ಪ್ಯಾಕೇಜ್ ಅಪ್‌ಡೇಟ್ ಮಾಡಿದರೆ ಹೆಚ್ಚಿನ ಸಲ ಮುಗಿಯಿತು. ಒಂದು ಎಚ್ಚರಿಕೆ: ಕೆಲವು ಡ್ರೈವರ್‌ಗಳು ಮೊದಲು ಹೊಸ ಫರ್ಮ್‌ವೇರ್ ಕೇಳಿ, ಸಿಗದಿದ್ದರೆ ಹಳೆಯದಕ್ಕೆ ಇಳಿಯುತ್ತವೆ. ಆದ್ದರಿಂದ ಮೈನಸ್ 2 ಕಂಡ ಮೇಲೂ ಸಾಧನ ಕೆಲಸ ಮಾಡುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಡೆಬಿಯನ್‌ನವರಿಗೆ ಮೊದಲು ಇದೇ ದೊಡ್ಡ ಕಾಟವಾಗಿತ್ತು, ಇನ್‌ಸ್ಟಾಲರ್‌ನಲ್ಲಿ ಮುಕ್ತವಲ್ಲದ ಫರ್ಮ್‌ವೇರ್ ಇಡುತ್ತಲೇ ಇರಲಿಲ್ಲ. 2023ರಲ್ಲಿ ಬಂದ ಡೆಬಿಯನ್ 12ರಿಂದ ಅದೂ ಒಳಗೇ ಬರುತ್ತದೆ.

ಕೊನೆಗೆ ‘ಯುನೇಮ್ -ಆರ್’ ಕೊಟ್ಟು ಕರ್ನಲ್ ಆವೃತ್ತಿ ನೋಡಿ, ‘ಮೋಕ್‌ಯುಟಿಲ್ --ಎಸ್‌ಬಿ-ಸ್ಟೇಟ್’ ಕೊಟ್ಟು ಸೆಕ್ಯೂರ್ ಬೂಟ್ ಆನ್ ಇದೆಯಾ ನೋಡಿ. ಚಿಪ್ ಸಂಖ್ಯೆ, ಡ್ರೈವರ್ ಸಾಲು, ಫರ್ಮ್‌ವೇರ್ ದೂರು, ಕರ್ನಲ್ ಆವೃತ್ತಿ, ಸೆಕ್ಯೂರ್ ಬೂಟ್. ಇವಿಷ್ಟನ್ನು ಒಂದು ಫೈಲ್‌ನಲ್ಲಿ ಬರೆದಿಟ್ಟುಕೊಂಡು ಮುಂದಕ್ಕೆ ಬನ್ನಿ.

ಇನ್‌ಸ್ಟಾಲರ್‌ಗೆ ಡಿಸ್ಕೇ ಕಾಣದಿದ್ದರೆ

ಇಂಟೆಲ್ 11ನೇ ಜನರೇಷನ್ ಮತ್ತು ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಇದು ಜಾಸ್ತಿ. ಬಯೋಸ್‌ನಲ್ಲಿ ವಿಎಂಡಿ ಅಥವಾ ಆರ್‌ಎಸ್‌ಟಿ ಅನ್ನುವ, ಡಿಸ್ಕ್ ನೋಡಿಕೊಳ್ಳುವ ಇಂಟೆಲ್‌ನ ವ್ಯವಸ್ಥೆ ಆನ್ ಆಗಿರುತ್ತದೆ, ಎಸ್‌ಎಸ್‌ಡಿ ಅದರ ಹಿಂದೆ ಅಡಗಿ ಕೂತಿರುತ್ತದೆ. ಹೊಸ ಕರ್ನಲ್‌ನಲ್ಲಿ ವಿಎಂಡಿ ಡ್ರೈವರ್ ಇರುವುದರಿಂದ ಕೆಲವರಿಗೆ ಡಿಸ್ಕ್ ಕಾಣಿಸಿಬಿಡುತ್ತದೆ. ಕಾಣಿಸದಿದ್ದರೆ ಬಯೋಸ್‌ನಲ್ಲಿ ಅದನ್ನು ಆಫ್ ಮಾಡಿ ಎಎಚ್‌ಸಿಐಗೆ (ಡಿಸ್ಕ್ ನೇರ ಕಾಣುವ ಮಾಮೂಲಿ ಮೋಡ್) ಬದಲಿಸಬೇಕು. ಏಸರ್‌ನಲ್ಲಿ ಈ ಆಯ್ಕೆಯನ್ನು ಬಚ್ಚಿಟ್ಟಿರುತ್ತಾರೆ. ಬಯೋಸ್‌ನ ಮೇನ್ ಟ್ಯಾಬ್‌ನಲ್ಲಿ ನಿಂತು ಕಂಟ್ರೋಲ್+ಎಸ್ ಒತ್ತಿದರೆ ಅದು ಪ್ರತ್ಯಕ್ಷವಾಗುತ್ತದೆ.

ಸುಮ್ಮನೆ ಬದಲಿಸಿದರೆ ಮಾತ್ರ ವಿಂಡೋಸ್ ನೀಲಿ ಪರದೆ ಹೊಡೆದು ಕೂರುತ್ತದೆ. ಕ್ರಮ ಹೀಗೆ: ವಿಂಡೋಸ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್, ಮಿನಿಮಲ್ ಟಿಕ್ ಮಾಡಿ. ರೀಸ್ಟಾರ್ಟ್ ಮಾಡಿ ನೇರ ಬಯೋಸ್‌ಗೆ ಹೋಗಿ ವಿಎಂಡಿ ಆಫ್ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ಎದ್ದು ತನಗೆ ಬೇಕಾದ ಡ್ರೈವರ್ ತಾನೇ ಎತ್ತಿಕೊಳ್ಳುತ್ತದೆ. ಮತ್ತೆ ಎಂಎಸ್‌ಕಾನ್ಫಿಗ್‌ಗೆ ಹೋಗಿ ಟಿಕ್ ತೆಗೆದು ರೀಸ್ಟಾರ್ಟ್ ಮಾಡಿ. ಸೇಫ್ ಮೋಡ್‌ನಲ್ಲಿ ಎಷ್ಟೋ ಸಲ ಪಿನ್ ನಡೆಯುವುದಿಲ್ಲ, ಅಕೌಂಟ್ ಪಾಸ್‌ವರ್ಡೇ ಬೇಕಾಗುತ್ತದೆ. ಮೊದಲೇ ನೆನಪು ಮಾಡಿಕೊಳ್ಳಿ. ಬಿಟ್‌ಲಾಕರ್ ಕೀ ಕೂಡ ಇಲ್ಲೇ ಕೇಳುವ ಸಾಧ್ಯತೆ ಇದೆ. ಬರೆದಿಟ್ಟುಕೊಳ್ಳಿ ಅಂದಿದ್ದು ಅದಕ್ಕೇ.

ವೈಫೈ

ವೈಫೈ ಇಲ್ಲದೆ ವೈಫೈ ಡ್ರೈವರ್ ಡೌನ್‌ಲೋಡ್ ಮಾಡುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಚುಚ್ಚಿ. ಫೋನ್ ಸೆಟ್ಟಿಂಗ್ಸ್‌ನ ಹಾಟ್‌ಸ್ಪಾಟ್ ಭಾಗದಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಲಿನಕ್ಸ್‌ಗೆ ಅದು ವೈರ್ಡ್ ಕನೆಕ್ಷನ್ ಥರ ಕಾಣುತ್ತದೆ, ಯಾವ ಡ್ರೈವರೂ ಹಾಕಬೇಕಿಲ್ಲ. ಫೋನ್ ಮನೆಯ ವೈಫೈಗೆ ಕನೆಕ್ಟ್ ಆಗಿದ್ದರೆ ಸಾಮಾನ್ಯವಾಗಿ ಅದೇ ವೈಫೈ ಕೇಬಲ್ ಮೂಲಕ ಇಳಿದು ಬರುತ್ತದೆ, ಡೇಟಾ ಪ್ಯಾಕ್ ಖರ್ಚಾಗುವುದಿಲ್ಲ. ಕೇಬಲ್ ಬರೀ ಚಾರ್ಜಿಂಗ್‌ನದಾಗಿರಬಾರದು, ಡೇಟಾ ಹೋಗುವಂಥದ್ದಿರಲಿ.

ನೆಟ್ ಬಂದ ಮೇಲೂ ಡ್ರೈವರ್ ಹುಡುಕಲು ಹೋಗಬೇಡಿ. ಮೊದಲು ‘ಆರ್‌ಎಫ್‌ಕಿಲ್ ಲಿಸ್ಟ್’ ಕೊಡಿ. ‘ಸಾಫ್ಟ್ ಬ್ಲಾಕ್ಡ್: ಯೆಸ್’ ಅಂತ ಬಂದರೆ ಏರೋಪ್ಲೇನ್ ಮೋಡ್ ಥರದ್ದೇನೋ ಆನ್ ಇದೆ ಅಷ್ಟೆ, ‘ಸುಡೊ ಆರ್‌ಎಫ್‌ಕಿಲ್ ಅನ್‌ಬ್ಲಾಕ್ ಆಲ್’ ಕೊಟ್ಟರೆ ಬಿಡುತ್ತದೆ. ‘ಹಾರ್ಡ್ ಬ್ಲಾಕ್ಡ್: ಯೆಸ್’ ಅಂದರೆ ಲ್ಯಾಪ್‌ಟಾಪ್‌ನ ಸ್ವಿಚ್ ಅಥವಾ ಎಫ್‌ಎನ್ ಕೀ ನೋಡಿ. ಹಳೆಯ ಲೆನೊವೊ ಐಡಿಯಾಪ್ಯಾಡ್‌ಗಳಲ್ಲಿ ಸ್ವಿಚ್ಚೇ ಇಲ್ಲದೆ ಹಾರ್ಡ್ ಬ್ಲಾಕ್ ತೋರಿಸುತ್ತಿತ್ತು. ಅದಕ್ಕೆ ಕಾರಣ ಐಡಿಯಾಪ್ಯಾಡ್_ಲ್ಯಾಪ್‌ಟಾಪ್ ಅನ್ನುವ ಮಾಡ್ಯೂಲ್. ‘ಸುಡೊ ಮಾಡ್‌ಪ್ರೋಬ್ -ಆರ್ ಐಡಿಯಾಪ್ಯಾಡ್_ಲ್ಯಾಪ್‌ಟಾಪ್’ ಕೊಟ್ಟು ಅದನ್ನು ಇಳಿಸಿದರೆ ವೈಫೈ ಬರುತ್ತದಾ ನೋಡಿ. ಬಂದರೆ ಬ್ಲಾಕ್‌ಲಿಸ್ಟ್‌ಗೆ, ಅಂದರೆ ತಾನಾಗಿ ಲೋಡ್ ಆಗಬಾರದ ಮಾಡ್ಯೂಲ್‌ಗಳ ಪಟ್ಟಿಗೆ, ಹಾಕಿ.

ಇನ್ನು ಕಂಪನಿವಾರು ಹೇಳುತ್ತೇನೆ.

ಇಂಟೆಲ್: ಹೆಚ್ಚಾಗಿ ತೊಂದರೆಯೇ ಇಲ್ಲ. ಇದ್ದರೆ ಫರ್ಮ್‌ವೇರ್ ಇಲ್ಲ ಅಥವಾ ಕರ್ನಲ್ ಹಳೆಯದು.

ಬ್ರಾಡ್‌ಕಾಮ್: 14ಇ4:4365 ಅಂದರೆ ಬಿಸಿಎಂ43142, ಹತ್ತು ವರ್ಷ ಹಿಂದಿನ ಲ್ಯಾಪ್‌ಟಾಪ್‌ಗಳಲ್ಲಿ ಸಿಕ್ಕಾಪಟ್ಟೆ ಸಿಗುತ್ತದೆ. ಇದಕ್ಕೆ ಕರ್ನಲ್ ಒಳಗಿನ ಡ್ರೈವರ್ ಸಾಲದು, ಬ್ರಾಡ್‌ಕಾಮ್‌ನ ಮುಚ್ಚಿದ ಡ್ರೈವರೇ ಬೇಕು. ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ಅಥವಾ ಮಿಂಟ್‌ನ ‘ಡ್ರೈವರ್ ಮ್ಯಾನೇಜರ್’ ತೆರೆದರೆ ಅದೇ ತೋರಿಸುತ್ತದೆ. ಡೆಬಿಯನ್‌ನಲ್ಲಿ ಪ್ಯಾಕೇಜ್ ಹೆಸರು ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’. ಸೆಕ್ಯೂರ್ ಬೂಟ್ ಆನ್ ಇದ್ದರೆ ಕೆಳಗೆ ಎನ್‌ವಿಡಿಯಾ ಭಾಗದಲ್ಲಿ ಹೇಳಿರುವ ನೀಲಿ ಪರದೆ ಇಲ್ಲೂ ಬರುತ್ತದೆ.

ರಿಯಲ್‌ಟೆಕ್: ಇದೇ ಅಸಲಿ ಜಂಜಾಟ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲೆಲ್ಲ ಇದೇ. ಹಳೆಯ ಲೇಖನಗಳಲ್ಲಿ ಗಿಟ್‌ಹಬ್‌ನಿಂದ ಡ್ರೈವರ್ ಇಳಿಸಿ ಕಂಪೈಲ್ ಮಾಡಿ ಅಂತ ಬರೆದಿರುತ್ತಾರೆ. ಆಗ ಅದು ಸರಿಯಾದ ಸಲಹೆ. ಈಗ 8821ಸಿಇ, 8723ಡಿಇಗಳಿಗೆ ಆರ್‌ಟಿಡಬ್ಲ್ಯು88 ಡ್ರೈವರ್ ಕರ್ನಲ್ ಒಳಗೇ ಇದೆ. 8852ಬಿಇಗೆ ಆರ್‌ಟಿಡಬ್ಲ್ಯು89 ಇದೆ. ಈ 8852ಬಿಇ, ಅಂದರೆ 10ಇಸಿ:ಬಿ852, ಉಬುಂಟು 22.04ರ ಜೊತೆ ಮೊದಲು ಬಂದ 5.15 ಕರ್ನಲ್‌ಗೆ ಗೊತ್ತಿಲ್ಲ. 24.04ರ 6.8ಕ್ಕೆ ಗೊತ್ತು. ಅಂದರೆ ಇಲ್ಲಿ ಬೇಕಿರುವುದು ಡ್ರೈವರ್ ಅಲ್ಲ, ಹೊಸ ಕರ್ನಲ್. ಹೊರಗಿನಿಂದ ಕಂಪೈಲ್ ಮಾಡಿದ ಡ್ರೈವರ್ ಪ್ರತಿ ಕರ್ನಲ್ ಅಪ್‌ಡೇಟ್‌ಗೂ ಮುರಿಯುವ ಭಯ ಇರುತ್ತದೆ, ಒಳಗಿನ ಡ್ರೈವರ್ ಜೊತೆ ಜಗಳಕ್ಕೂ ಬೀಳುತ್ತದೆ. ಅದು ಕೊನೆಯ ದಾರಿಯಾಗಿರಲಿ.

ರಿಯಲ್‌ಟೆಕ್ ಕನೆಕ್ಟ್ ಆಗಿ ಆಗಾಗ ಕಡಿದುಹೋಗುತ್ತಿದ್ದರೆ ಪವರ್ ಉಳಿಸುವ ಸೆಟ್ಟಿಂಗ್ ಮೇಲೆ ಅನುಮಾನ ಪಡಿ. /ಇಟಿಸಿ/ಮಾಡ್‌ಪ್ರೋಬ್.ಡಿ/ ಫೋಲ್ಡರ್‌ನಲ್ಲಿ ‘.ಕಾನ್ಫ್’ ಎಂದು ಮುಗಿಯುವ ಒಂದು ಫೈಲ್ ಮಾಡಿ, ‘ಆಪ್ಷನ್ಸ್ ಆರ್‌ಟಿಡಬ್ಲ್ಯು88_ಪಿಸಿಐ ಡಿಸೇಬಲ್_ಎಎಸ್‌ಪಿಎಂ=1’ ಅಂತ ಒಂದು ಸಾಲು ಹಾಕಿ ರೀಬೂಟ್ ಮಾಡಿ. ಅಷ್ಟರಲ್ಲಿ ಆಗದಿದ್ದರೆ ನೆಟ್‌ವರ್ಕ್ ಮ್ಯಾನೇಜರ್‌ನ ಕಾನ್ಫ್.ಡಿ ಫೋಲ್ಡರ್‌ನಲ್ಲಿ ‘ವೈಫೈ.ಪವರ್‌ಸೇವ್’ 3 ಅಂತ ಇರುವುದನ್ನು 2 ಮಾಡಿ. ಇಲ್ಲಿ 3 ಅಂದರೆ ಆನ್, 2 ಅಂದರೆ ಆಫ್. ಯಾರು ಯೋಚಿಸಿ ಇಟ್ಟರೋ!

ಎಚ್‌ಪಿಯ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ 8723ಬಿಇ ಕಾರ್ಡ್ ಇದ್ದು, ರೂಟರ್ ಪಕ್ಕ ಕೂತರೆ ಮಾತ್ರ ವೈಫೈ ಸಿಗುತ್ತದೆ ಅಂದ್ರೆ ಕಾರಣ ಬೇರೆ. ಕಾರ್ಡ್‌ನಲ್ಲಿ ಎರಡು ಆಂಟೆನಾ ಕಿಂಡಿ, ಕಂಪನಿಯವರು ಜೋಡಿಸಿರುವುದು ಒಂದೇ ಆಂಟೆನಾ, ಡ್ರೈವರ್ ಕೇಳುತ್ತಿರುವುದು ಖಾಲಿ ಕಿಂಡಿಯಿಂದ. ‘ಆಪ್ಷನ್ಸ್ ಆರ್‌ಟಿಎಲ್8723ಬಿಇ ಆ್ಯಂಟ್_ಸೆಲ್=2’ ಕೊಟ್ಟು ನೋಡಿ, ಆಗದಿದ್ದರೆ 1 ಮಾಡಿ. ಸಿಗ್ನಲ್ ಒಂದು ಗೆರೆಯಿಂದ ಪೂರ್ತಿಗೆ ಏರಿದ್ದು ಕಣ್ಣಿಗೇ ಕಾಣುತ್ತದೆ.

ಮೀಡಿಯಾಟೆಕ್: ಎಂಟಿ7921ಕ್ಕೆ 5.12 ಕರ್ನಲ್‌ನಿಂದಲೇ ಡ್ರೈವರ್ ಇದೆ. ಎಂಟಿ7902, ಅಂದರೆ 14ಸಿ3:7902, ಬಹಳ ವರ್ಷ ಲಿನಕ್ಸ್ ಡ್ರೈವರ್ ಇಲ್ಲದೆ ಕಾಡಿದ ಚಿಪ್. ನಿಮ್ಮದು ಇದೇ ಆಗಿದ್ದು ಸಿಗುವ ಹೊಸ ಕರ್ನಲ್‌ನಲ್ಲೂ ಎದ್ದೇಳದಿದ್ದರೆ ರಾತ್ರಿಯೆಲ್ಲಾ ಕೂರಬೇಡಿ, ಕಾರ್ಡ್ ಬದಲಿಸಿ. ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಒಂದು ಸಣ್ಣ ಎಂ.2 ಕಾರ್ಡ್, ಒಂದು ಸ್ಕ್ರೂ, ಎರಡು ಆಂಟೆನಾ ತಂತಿ ಅಷ್ಟೆ. ಕೊಳ್ಳುವಾಗ ಇಂಟೆಲ್ ಎಎಕ್ಸ್210 ಕೇಳಿ. ಎಎಕ್ಸ್201 ಅಥವಾ ಎಎಕ್ಸ್211 ಕೊಟ್ಟರೆ ಬೇಡ ಅನ್ನಿ. ಅವು ಇಂಟೆಲ್ ಪ್ರಾಸೆಸರ್‌ನ ಒಳಗಿನ ಭಾಗವನ್ನು ನಂಬಿಕೊಂಡಿರುವ ಕಾರ್ಡ್‌ಗಳು, ಎಎಂಡಿ ಲ್ಯಾಪ್‌ಟಾಪ್‌ನಲ್ಲಿ ಕೆಲಸವೇ ಮಾಡುವುದಿಲ್ಲ. ಬೆಂಗಳೂರಿನವರಾದರೆ ಎಸ್‌ಪಿ ರೋಡ್‌ನಲ್ಲಿ ಒಂದು ಸುತ್ತು ಹೊಡೆಯಿರಿ, ಬೇರೆ ಊರಿನವರು ಆನ್‌ಲೈನ್ ತರಿಸಿ. ವಾರಂಟಿ ಇದ್ದರೆ ಬಿಚ್ಚುವ ಮೊದಲು ನಿಯಮ ಓದಿ.

ಎನ್‌ವಿಡಿಯಾ

2012ರಲ್ಲಿ ಫಿನ್‌ಲೆಂಡ್‌ನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಮುಂದೆಯೇ ಗ್ರಾಫಿಕ್ಸ್ ಚಿಪ್ ಕಂಪನಿ ಎನ್‌ವಿಡಿಯಾಗೆ ಮಧ್ಯದ ಬೆರಳು ತೋರಿಸಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ಹತ್ತು ವರ್ಷ ಕಳೆದು, 2022ರ ಮೇನಲ್ಲಿ, ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ನ ಸೋರ್ಸ್ ಬಿಡುಗಡೆ ಮಾಡಿತು. ಪರಿಸ್ಥಿತಿ ಈಗ ಎಷ್ಟೋ ವಾಸಿ. ಆದರೂ ಕಪ್ಪು ಪರದೆಯ ಮೊದಲ ಶಂಕಿತ ಇವತ್ತಿಗೂ ಇದೇ.

ಇನ್‌ಸ್ಟಾಲ್ ಆಗಿ ಮೊದಲ ಬೂಟ್‌ನಲ್ಲೇ ಪರದೆ ಕಪ್ಪಾದರೆ ಹೀಗೆ ಒಳಗೆ ಹೋಗಿ. ಲ್ಯಾಪ್‌ಟಾಪ್ ಆನ್ ಮಾಡಿ, ಕಂಪನಿಯ ಲೋಗೋ ಹೋದ ಕೂಡಲೇ ಎಸ್ಕೇಪ್ ಒಂದು ಸಲ ಒತ್ತಿ. ಒಂದೇ ಸಲ, ಜಾಸ್ತಿ ಒತ್ತಿದರೆ ಗ್ರಬ್‌ನ (ಯಾವುದನ್ನು ಬೂಟ್ ಮಾಡಬೇಕು ಅಂತ ಮೆನು ತೋರಿಸುವ ಸಾಫ್ಟ್‌ವೇರ್) ಖಾಲಿ ಪ್ರಾಂಪ್ಟ್‌ಗೆ ಹೋಗಿಬಿಡುತ್ತೀರಿ. ಗ್ರಬ್ ಮೆನು ಬಂದ ಮೇಲೆ ಉಬುಂಟು ಸಾಲಿನ ಮೇಲೆ ನಿಂತು ಇ ಕೀ ಒತ್ತಿ. ‘ಲಿನಕ್ಸ್’ ಅಂತ ಶುರುವಾಗುವ ಉದ್ದದ ಸಾಲು ಹುಡುಕಿ, ಅದರಲ್ಲಿ ‘ಕ್ವೈಟ್ ಸ್ಪ್ಲ್ಯಾಷ್’ ಪದಗಳ ನಂತರ ಒಂದು ಸ್ಪೇಸ್ ಬಿಟ್ಟು ‘ನೋಮೋಡ್‌ಸೆಟ್’ ಸೇರಿಸಿ. ಎಫ್10 ಒತ್ತಿ. ಪರದೆ ಬರುತ್ತದೆ, ಸ್ವಲ್ಪ ಒರಟಾಗಿ.

ಇದು ಒಳಗೆ ನುಗ್ಗಲು ಮಾತ್ರ. ಕೆಲವರು ನೋಮೋಡ್‌ಸೆಟ್ ಅನ್ನು ಕಾಯಂ ಮಾಡಿಕೊಂಡು, ಆಮೇಲೆ ಬ್ರೈಟ್‌ನೆಸ್ ಕೆಲಸ ಮಾಡಲ್ಲ, ಹೊರಗಿನ ಮಾನಿಟರ್ ಬರಲ್ಲ, ವಿಡಿಯೊ ಎಳೆಯುತ್ತದೆ ಅಂತ ಒದ್ದಾಡುತ್ತಾರೆ. ಅವೆಲ್ಲ ಇದರ ಫಲವೇ. ಡ್ರೈವರ್ ಹಾಕಿದ ಮೇಲೆ ಅದನ್ನು ತೆಗೆಯಲೇಬೇಕು.

ಡ್ರೈವರ್‌ಗೆ ‘ಉಬುಂಟು-ಡ್ರೈವರ್ಸ್ ಡಿವೈಸಸ್’ ಕೊಟ್ಟರೆ ಯಾವುದಕ್ಕೆ ‘ರೆಕಮೆಂಡೆಡ್’ ಅಂತ ಇದೆ ತೋರಿಸುತ್ತದೆ. ‘ಸುಡೊ ಉಬುಂಟು-ಡ್ರೈವರ್ಸ್ ಇನ್‌ಸ್ಟಾಲ್’ ಕೊಟ್ಟರೆ ಅದನ್ನೇ ಹಾಕುತ್ತದೆ. ಎನ್‌ವಿಡಿಯಾ ಸೈಟ್‌ನಿಂದ ‘.ರನ್’ ಫೈಲ್ ಇಳಿಸಿ ಓಡಿಸಬೇಡಿ. ಅದು ಪ್ಯಾಕೇಜ್ ಮ್ಯಾನೇಜರ್‌ಗೆ ಗೊತ್ತಿಲ್ಲದ ಹಾಗೆ ಕೂರುತ್ತದೆ, ಮುಂದಿನ ಕರ್ನಲ್ ಅಪ್‌ಡೇಟ್‌ಗೆ ಮತ್ತೆ ಕಪ್ಪು ಪರದೆ. ಆರ್‌ಟಿಎಕ್ಸ್ 50 ಸರಣಿಯ ಕಾರ್ಡ್ ಇದ್ದವರು ಹೆಸರಿನ ಕೊನೆಗೆ ‘-ಓಪನ್’ ಇರುವ ಪ್ಯಾಕೇಜನ್ನೇ ಹಾಕಬೇಕು, ಹಳೆಯ ಥರದ್ದು ಆ ಕಾರ್ಡ್‌ಗೆ ನಡೆಯುವುದಿಲ್ಲ. ತೀರಾ ಹಳೆಯ ಕೆಪ್ಲರ್ ಕಾಲದ ಕಾರ್ಡ್‌ಗಳಿಗೆ 470 ಸರಣಿಯ ಡ್ರೈವರೇ ಕೊನೆ. ಫೆಡೋರಾದಲ್ಲಿ ಆರ್‌ಪಿಎಂ ಫ್ಯೂಷನ್ (ಹೊರಗಿನ ಪ್ಯಾಕೇಜ್ ಭಂಡಾರ) ಸೇರಿಸಿಕೊಂಡು ‘ಎಕೆಮಾಡ್-ಎನ್‌ವಿಡಿಯಾ’ ಹಾಕಿ. ಹಾಕಿದ ತಕ್ಷಣ ರೀಬೂಟ್ ಮಾಡಬೇಡಿ, ಮಾಡ್ಯೂಲ್ ಹಿಂದೆ ಬಿಲ್ಡ್ ಆಗುತ್ತಿರುತ್ತದೆ. ‘ಮಾಡ್‌ಇನ್ಫೊ -ಎಫ್ ವರ್ಷನ್ ಎನ್‌ವಿಡಿಯಾ’ ಕೊಟ್ಟಾಗ ಆವೃತ್ತಿ ಸಂಖ್ಯೆ ಬರುವವರೆಗೆ ಕಾಯಿರಿ. ಈ ಕಮಾಂಡ್‌ನಲ್ಲಿ ಎಫ್ ಮಾತ್ರ ದೊಡ್ಡಕ್ಷರ.

ಈಗ ಬ್ರಾಡ್‌ಕಾಮ್ ಭಾಗದಲ್ಲಿ ಹೇಳಿದ ಆ ನೀಲಿ ಪರದೆ. ಸೆಕ್ಯೂರ್ ಬೂಟ್ ಆನ್ ಇದ್ದು, ನಿಮ್ಮ ಯಂತ್ರದಲ್ಲೇ ಮಾಡ್ಯೂಲ್ ಬಿಲ್ಡ್ ಆದರೆ, ಕರ್ನಲ್ ಅದರ ಸಹಿಯನ್ನು ನಂಬುವುದಿಲ್ಲ. ಅದಕ್ಕೆ ಇನ್‌ಸ್ಟಾಲ್ ಮಾಡುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಇದು ನಿಮ್ಮ ಲಾಗಿನ್ ಪಾಸ್‌ವರ್ಡ್ ಅಲ್ಲ, ಒಂದೇ ಸಲ ಬಳಸಿ ಬಿಡುವಂಥದ್ದು. ಸುಲಭದ್ದು ಇಡಿ. ಆಮೇಲೆ:

1. ರೀಬೂಟ್ ಆದ ಕೂಡಲೇ ನೀಲಿ ಪರದೆ ಬಂದು, ಯಾವುದಾದರೂ ಕೀ ಒತ್ತಿ ಅಂತ ಎಣಿಸಲು ಶುರು ಮಾಡುತ್ತದೆ. ಹತ್ತು ಸೆಕೆಂಡ್ ಅಷ್ಟೆ. ಕಾಫಿ ತರಲು ಎದ್ದು ಹೋಗಬೇಡಿ.
2. ‘ಎನ್‌ರೋಲ್ ಮೋಕ್’ ಆರಿಸಿ (ಮೋಕ್ ಅಂದರೆ ಆ ಸಹಿಯನ್ನು ನಂಬಿಸುವ ಕೀ). ಪಟ್ಟಿಯಲ್ಲಿ ಮೊದಲು ಇರುವ ‘ಕಂಟಿನ್ಯೂ ಬೂಟ್’ ಒತ್ತಿದರೆ ಅವಕಾಶ ತಪ್ಪಿತು.
3. ‘ಕಂಟಿನ್ಯೂ’, ಆಮೇಲೆ ‘ಯೆಸ್’, ಆಮೇಲೆ ಆ ಪಾಸ್‌ವರ್ಡ್. ಟೈಪ್ ಮಾಡುವಾಗ ಪರದೆಯಲ್ಲಿ ಏನೂ ಕಾಣುವುದಿಲ್ಲ.
4. ‘ರೀಬೂಟ್’.

ತಪ್ಪಿಸಿಕೊಂಡಿದ್ದರೆ ಲಕ್ಷಣ ಹೀಗಿರುತ್ತದೆ: ‘ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ’ ಕೊಟ್ಟರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಅನ್ನುತ್ತದೆ. ಆಗ ‘ಸುಡೊ ಮೋಕ್‌ಯುಟಿಲ್ --ಇಂಪೋರ್ಟ್’ ಬರೆದು ಮುಂದೆ ‘/ವಾರ್/ಲಿಬ್/ಶಿಮ್-ಸೈನ್ಡ್/ಮೋಕ್/ಮೋಕ್.ಡಿಇಆರ್’ ಫೈಲ್ ಕೊಟ್ಟು, ಹೊಸ ಪಾಸ್‌ವರ್ಡ್ ಇಟ್ಟು, ರೀಬೂಟ್ ಮಾಡಿ ಮತ್ತೆ ಮೇಲಿನಂತೆ ಮಾಡಿ. ಆ ಫೈಲ್ ಹೆಸರಲ್ಲಿ ಮೋಕ್ ಅನ್ನುವ ಮೂರು ಅಕ್ಷರ ದೊಡ್ಡಕ್ಷರ, ಟ್ಯಾಬ್ ಕೀ ಒತ್ತಿದರೆ ತಾನೇ ತುಂಬಿಕೊಳ್ಳುತ್ತದೆ. ಇದೆಲ್ಲ ಬೇಡ ಅನ್ನುವವರು ಸೆಕ್ಯೂರ್ ಬೂಟ್ ಆಫ್ ಮಾಡುತ್ತಾರೆ. ಬರೀ ಲಿನಕ್ಸ್ ಇರುವ ಮನೆ ಲ್ಯಾಪ್‌ಟಾಪ್‌ಗೆ ಅದು ದೊಡ್ಡ ಅಪರಾಧ ಅಂತ ನನಗೆ ಅನ್ನಿಸುವುದಿಲ್ಲ. ಜೊತೆಗೆ ವಿಂಡೋಸ್, ಬಿಟ್‌ಲಾಕರ್ ಇದ್ದರೆ ಕೀ ಸೇರಿಸುವ ದಾರಿಯೇ ಒಳ್ಳೆಯದು.

ಕೊನೆಗೆ ‘ಎನ್‌ವಿಡಿಯಾ-ಎಸ್‌ಎಂಐ’ ಕೊಟ್ಟಾಗ ಕಾರ್ಡ್ ಹೆಸರಿನ ಪಟ್ಟಿ ಬಂದರೆ ಗೆದ್ದಿರಿ. ಬ್ಯಾಟರಿ ಉಳಿಸಲು ‘ಸುಡೊ ಪ್ರೈಮ್-ಸೆಲೆಕ್ಟ್ ಆನ್-ಡಿಮ್ಯಾಂಡ್’ ಇಟ್ಟುಕೊಳ್ಳಿ. ‘ಇಂಟೆಲ್’ ಅಂತ ಇಟ್ಟು ಎನ್‌ವಿಡಿಯಾ ಪೂರ್ತಿ ಮಲಗಿಸಿದಾಗ ಎಚ್‌ಡಿಎಂಐ ಕೆಲಸ ಮಾಡದಿದ್ದರೆ ಅದು ದೋಷವಲ್ಲ. ಎಷ್ಟೋ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟನ್ನು ನೇರ ಎನ್‌ವಿಡಿಯಾಗೇ ಜೋಡಿಸಿರುತ್ತಾರೆ.

ಸೌಂಡ್ ಮತ್ತು ಮೈಕ್

ಸೆಟ್ಟಿಂಗ್ಸ್‌ನಲ್ಲಿ ಔಟ್‌ಪುಟ್ ಜಾಗದಲ್ಲಿ ‘ಡಮ್ಮಿ ಔಟ್‌ಪುಟ್’ ಅಂತ ಮಾತ್ರ ಇದ್ದರೆ, ಸೌಂಡ್ ಕಾರ್ಡ್ ಎದ್ದೇ ಇಲ್ಲ. ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಸೌಂಡ್ ಓಡಿಸಲು ಎಸ್‌ಒಎಫ್ ಫರ್ಮ್‌ವೇರ್ ಬೇಕು. ಡೆಬಿಯನ್, ಉಬುಂಟುವಿನಲ್ಲಿ ‘ಫರ್ಮ್‌ವೇರ್-ಎಸ್‌ಒಎಫ್-ಸೈನ್ಡ್’, ಫೆಡೋರಾದಲ್ಲಿ ‘ಆಲ್ಸಾ-ಎಸ್‌ಒಎಫ್-ಫರ್ಮ್‌ವೇರ್’ ಹಾಕಿ ಪೂರ್ತಿ ಶಟ್‌ಡೌನ್ ಮಾಡಿ ಆನ್ ಮಾಡಿ. ಆನ್‌ಲೈನ್‌ನಲ್ಲಿ ಸಿಗುವ ‘ಡಿಎಸ್‌ಪಿ_ಡ್ರೈವರ್=1’ ಅನ್ನುವ ಮದ್ದು ಸ್ಪೀಕರನ್ನು ಎಬ್ಬಿಸುತ್ತದೆ ನಿಜ, ಆದರೆ ಒಳಗಿನ ಡಿಜಿಟಲ್ ಮೈಕನ್ನು ಮಲಗಿಸುತ್ತದೆ. ಮೀಟಿಂಗ್‌ಗೆ ಕೂತಾಗ ಗೊತ್ತಾಗುತ್ತದೆ.

ಕಾರ್ಡ್ ಕಾಣುತ್ತಿದೆ, ಸದ್ದು ಮಾತ್ರ ಇಲ್ಲ ಅಂದ್ರೆ ಟರ್ಮಿನಲ್‌ನಲ್ಲಿ ‘ಆಲ್ಸಾಮಿಕ್ಸರ್’ ತೆರೆದು ಎಫ್6 ಒತ್ತಿ ಕಾರ್ಡ್ ಆರಿಸಿ. ಯಾವ ಕಂಬದ ಕೆಳಗೆ ‘ಎಂಎಂ’ ಇದೆಯೋ ಅದು ಮ್ಯೂಟ್. ಅಲ್ಲಿಗೆ ಹೋಗಿ ಎಂ ಒತ್ತಿ, ಮೇಲಕ್ಕೆ ಏರಿಸಿ. ಹೆಡ್‌ಫೋನ್‌ನಲ್ಲಿ ಕೇಳಿಸುತ್ತದೆ ಆದರೆ ಸ್ಪೀಕರ್‌ನಲ್ಲಿ ಇಲ್ಲ ಅಂದ್ರೆ, ಸ್ಪೀಕರ್‌ಗೆ ಪ್ರತ್ಯೇಕ ಆಂಪ್ಲಿಫೈಯರ್ ಚಿಪ್ ಇರಬಹುದು, ಸಿರಸ್ ಲಾಜಿಕ್‌ನ ಸಿಎಸ್35ಎಲ್41 ಥರದ್ದು. ಇದಕ್ಕೆ ಬೆಂಬಲ ಒಂದೊಂದೇ ಲ್ಯಾಪ್‌ಟಾಪ್ ಹೆಸರು ನೋಡಿ ಕರ್ನಲ್‌ಗೆ ಸೇರಿಸುತ್ತಾ ಬರುತ್ತಾರೆ. ಹಾಗಾಗಿ ಹೊಸ ಕರ್ನಲ್ ಬಿಟ್ಟರೆ ಬೇರೆ ಮದ್ದು ಇಲ್ಲ. ಎಎಂಡಿ ರೈಜನ್ ಲ್ಯಾಪ್‌ಟಾಪ್‌ಗಳ ಒಳಗಿನ ಮೈಕ್ ಕಥೆಯೂ ಅಷ್ಟೇ. ಅಲ್ಲಿಯವರೆಗೆ ಇಯರ್‌ಫೋನ್ ಮೈಕ್ ಬಳಸಿ.

ಟಚ್‌ಪ್ಯಾಡ್, ಬ್ರೈಟ್‌ನೆಸ್, ನಿದ್ರೆ

ಟಚ್‌ಪ್ಯಾಡ್ ಸತ್ತಿದ್ದರೆ ಮೊದಲು ಎಫ್‌ಎನ್ ಕೀಯಿಂದ ಆಫ್ ಆಗಿದೆಯಾ ನೋಡಿ, ನಗಬೇಡಿ, ಆಗಿರುತ್ತದೆ. ಕೆಲವು ಏಸರ್ ಬಯೋಸ್‌ಗಳಲ್ಲಿ ಟಚ್‌ಪ್ಯಾಡ್‌ಗೆ ‘ಅಡ್ವಾನ್ಸ್ಡ್’ ಮತ್ತು ‘ಬೇಸಿಕ್’ ಅಂತ ಆಯ್ಕೆ ಇರುತ್ತದೆ, ಬದಲಿಸಿ ನೋಡಿ. ನಿದ್ರೆಯಿಂದ ಎದ್ದ ಮೇಲೆ ಮಾತ್ರ ಕೆಲಸ ಮಾಡದಿದ್ದರೆ ‘ಸುಡೊ ಮಾಡ್‌ಪ್ರೋಬ್ -ಆರ್ ಐ2ಸಿ_ಹಿಡ್_ಎಸಿಪಿಐ’ ಕೊಟ್ಟು, ಮತ್ತೆ -ಆರ್ ಇಲ್ಲದೆ ಅದನ್ನೇ ಕೊಡಿ.

ಬ್ರೈಟ್‌ನೆಸ್ ಪಟ್ಟಿ ಏರಿಳಿದರೂ ಬೆಳಕು ಬದಲಾಗದಿದ್ದರೆ ಗ್ರಬ್ ಸಾಲಿಗೆ ‘ಎಸಿಪಿಐ_ಬ್ಯಾಕ್‌ಲೈಟ್=ನೇಟಿವ್’ ಸೇರಿಸಿ ನೋಡಿ, ಆಗದಿದ್ದರೆ ನೇಟಿವ್ ಬದಲು ‘ವೆಂಡರ್’. ಮೊದಲು ನೋಮೋಡ್‌ಸೆಟ್ ಮಾಡಿದ ಹಾಗೆ ಇ ಕೀ ಒತ್ತಿ ತಾತ್ಕಾಲಿಕವಾಗಿ ಹಾಕಿ. ಕೆಲಸ ಮಾಡಿದರೆ ಮಾತ್ರ /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲ್‌ನಲ್ಲಿ ‘ಕ್ವೈಟ್ ಸ್ಪ್ಲ್ಯಾಷ್’ ಪಕ್ಕ ಬರೆದು ‘ಸುಡೊ ಅಪ್‌ಡೇಟ್-ಗ್ರಬ್’ ಕೊಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಲಿಡ್ ಮುಚ್ಚಿಟ್ಟು ಬೆಳಿಗ್ಗೆ ನೋಡಿದರೆ ಬ್ಯಾಟರಿ ಖಾಲಿಯಾ? ‘ಕ್ಯಾಟ್ /ಸಿಸ್/ಪವರ್/ಮೆಮ್_ಸ್ಲೀಪ್’ ಕೊಡಿ. ‘ಎಸ್2ಐಡಲ್’ (ಹಗುರ ನಿದ್ರೆ) ಮತ್ತು ‘ಡೀಪ್’ (ಗಾಢ ನಿದ್ರೆ) ಎರಡೂ ಇದ್ದು ಬ್ರಾಕೆಟ್ ಎಸ್2ಐಡಲ್ ಸುತ್ತ ಇದ್ದರೆ, ಗ್ರಬ್‌ನಲ್ಲಿ ‘ಮೆಮ್_ಸ್ಲೀಪ್_ಡೀಫಾಲ್ಟ್=ಡೀಪ್’ ಪ್ರಯತ್ನಿಸಿ. ‘ಡೀಪ್’ ಪಟ್ಟಿಯಲ್ಲೇ ಇಲ್ಲದಿದ್ದರೆ ನಿಮ್ಮ ಲ್ಯಾಪ್‌ಟಾಪ್‌ನ ಫರ್ಮ್‌ವೇರ್ ಅದನ್ನು ಕೊಡುವುದೇ ಇಲ್ಲ. ಬಯೋಸ್ ಅಪ್‌ಡೇಟ್ ನೋಡಿ, ಇಲ್ಲಾಂದ್ರೆ ರಾತ್ರಿ ಶಟ್‌ಡೌನ್ ಮಾಡಿ.

ಫಿಂಗರ್‌ಪ್ರಿಂಟ್‌ಗೆ ಎಲ್‌ಎಸ್‌ಯುಎಸ್‌ಬಿಯ ಸಂಖ್ಯೆಯನ್ನು ಲಿಬ್‌ಎಫ್‌ಪ್ರಿಂಟ್‌ನ (ಬೆರಳಚ್ಚು ಓದುವ ಲಿನಕ್ಸ್ ಸಾಫ್ಟ್‌ವೇರ್) ಬೆಂಬಲ ಪಟ್ಟಿಯಲ್ಲಿ ಹುಡುಕಿ. ಇದ್ದರೆ ಸೆಟ್ಟಿಂಗ್ಸ್‌ನಲ್ಲೇ ಆಯ್ಕೆ ಬರುತ್ತದೆ. ಇಲ್ಲದಿದ್ದರೆ ಮರೆತುಬಿಡಿ, ಅದಕ್ಕಾಗಿ ಒಂದು ಭಾನುವಾರ ಹಾಳು ಮಾಡಿಕೊಳ್ಳುವಷ್ಟು ದೊಡ್ಡ ಸೌಕರ್ಯವಲ್ಲ. ಕ್ಯಾಮೆರಾ ಕಪ್ಪಾಗಿದ್ದರೆ ಮೇಲಿನ ಷಟರ್ ಮತ್ತು ಕೀಬೋರ್ಡ್‌ನ ಕ್ಯಾಮೆರಾ ಕೀ ಮೊದಲು.

ವಿಂಡೋಸ್‌ಗೆ ವಾಪಸ್ ಹೋದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಇದೆಯಾ? ಲಿನಕ್ಸ್ ಒಳಗಿನ ಗಡಿಯಾರವನ್ನು ಯುಟಿಸಿಯಲ್ಲಿ (ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂತ ಓದುತ್ತದೆ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಕೊಟ್ಟರೆ ಇಬ್ಬರಿಗೂ ರಾಜಿ.

ಹೊಸ ಕರ್ನಲ್ ಹಾಕುವುದು, ಹಳೆಯದಕ್ಕೆ ಮರಳುವುದು

ಹೊಸ ಕರ್ನಲ್ ಬೇಕು ಅಂತ ಇಷ್ಟು ಸಲ ಹೇಳಿದೆನಲ್ಲ, ಉಬುಂಟುವಿನಲ್ಲಿ ಅದಕ್ಕೆ ‘ಲಿನಕ್ಸ್-ಜೆನೆರಿಕ್-ಎಚ್‌ಡಬ್ಲ್ಯುಇ-24.04’ ಅನ್ನುವ ಪ್ಯಾಕೇಜ್ ಇದೆ. ಮಿಂಟ್‌ನಲ್ಲಿ ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನಲ್ಲಿ ‘ಲಿನಕ್ಸ್ ಕರ್ನಲ್ಸ್’ ತೆರೆದು ಆರಿಸಬಹುದು. ತೀರಾ ಹೊಸ ಲ್ಯಾಪ್‌ಟಾಪ್ ಕೊಂಡವರು ಮೊದಲೇ ಫೆಡೋರಾ ಲೈವ್ ಓಡಿಸಿ ನೋಡುವುದು ಜಾಣತನ, ಅದರಲ್ಲಿ ಕರ್ನಲ್ ಬೇಗ ಹೊಸದಾಗುತ್ತದೆ.

ನಿನ್ನೆಯವರೆಗೆ ಸರಿ ಇದ್ದದ್ದು ಅಪ್‌ಡೇಟ್ ಆದ ಮೇಲೆ ಕೆಟ್ಟರೆ, ಗ್ರಬ್ ಮೆನುವಿನ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹಿಂದಿನ ಕರ್ನಲ್ ಇನ್ನೂ ಇರುತ್ತದೆ. ಅದರಲ್ಲಿ ಬೂಟ್ ಮಾಡಿ ‘ಡಿಕೆಎಂಎಸ್ ಸ್ಟೇಟಸ್’ ಕೊಡಿ, ನಿಮ್ಮ ಯಂತ್ರದಲ್ಲಿ ಬಿಲ್ಡ್ ಆಗುವ ಮಾಡ್ಯೂಲ್‌ಗಳ ಸ್ಥಿತಿ ತೋರಿಸುತ್ತದೆ. ಹೊಸ ಕರ್ನಲ್ ಸಂಖ್ಯೆಯ ಪಕ್ಕ ‘ಇನ್‌ಸ್ಟಾಲ್ಡ್’ ಅಂತ ಇಲ್ಲದಿದ್ದರೆ ಮಾಡ್ಯೂಲ್ ಬಿಲ್ಡ್ ಆಗಿಲ್ಲ. ಹೆಚ್ಚಿನ ಸಲ ಆ ಕರ್ನಲ್‌ನ ಹೆಡರ್ಸ್ ಪ್ಯಾಕೇಜ್ (ಬಿಲ್ಡ್‌ಗೆ ಬೇಕಾದ ಫೈಲ್‌ಗಳು) ಇಲ್ಲದಿರುವುದೇ ಕಾರಣ.

ಇಷ್ಟಾದರೂ ಬಗೆಹರಿಯದೆ ಯಾರನ್ನಾದರೂ ಕೇಳುವುದಾದರೆ ‘ವೈಫೈ ಬರ್ತಿಲ್ಲ, ಹೆಲ್ಪ್ ಮಾಡಿ’ ಅಂತ ಒಂದು ಸಾಲು ಹಾಕಬೇಡಿ. ‘ಐಎನ್‌ಎಕ್ಸ್‌ಐ -ಎಫ್‌ಎಕ್ಸ್‌ಜಡ್’ ಓಡಿಸಿ ಬಂದದ್ದನ್ನು ಹಾಕಿ, ಇದರಲ್ಲೂ ಎಫ್ ದೊಡ್ಡಕ್ಷರ. ಕೊನೆಯ ಜಡ್ ನಿಮ್ಮ ಸೀರಿಯಲ್ ನಂಬರ್, ಮ್ಯಾಕ್ ವಿಳಾಸಗಳನ್ನು ಮುಚ್ಚುತ್ತದೆ. ಡಿಎಂಇಎಸ್‌ಜಿಗೆ ಆ ಸೌಲಭ್ಯ ಇಲ್ಲ, ಅದನ್ನು ಹಾಕುವ ಮೊದಲು ಒಮ್ಮೆ ಕಣ್ಣಾಡಿಸಿ. ಜೊತೆಗೆ ಈಗಾಗಲೇ ಏನೇನು ಮಾಡಿ ನೋಡಿದ್ದೀರಿ ಅಂತಲೂ ಬರೆಯಿರಿ, ಅದನ್ನೇ ಮತ್ತೆ ಹೇಳುವುದು ತಪ್ಪುತ್ತದೆ.